ಒಂದು ಕಿಲೋ ಏಳುನೂರು

ಗದಗಿನ ದೊಡ್ಡ ದವಾಖಾನಿಯ ಗಾಜಿನ ಪೆಟಿಗ್ಯಾಗ
ಹನ್ನೊಂದು ದಿನ ಇದ್ದು
ನಿನ್ನೆ ಸಂಜಿಕ ಮನಿಗೆ ಬಂದೈತಿ ಬೀಬಿಜಾನಳ ಕೂಸು.
ಹೆಸರಿಲ್ಲ. ರಜಿಸ್ಟರಿನಾಗೂ ಹಂಗ ಬರದೇನಿ:
ಬೀಬಿಜಾನಳ ಕೂಸು, ಹೆಣ್ಣು,
ದೂದನಾನಾ ದರ್ಗಾದ ಹಿಂದಿನ ಓಣಿ, ಲಕ್ಷ್ಮೇಶ್ವರ.

ಕೈ ತೊಳಕೊಂಡು
ತೊಲಿಗೆ ಹಗ್ಗ ಬಿಗಿದು ತಕ್ಕಡಿ ತೂಗಹಾಕಿದೆ.
ಜೋಳಿಗ್ಯಾಗ ಇಟ್ಟರ
ಒಂದು ಕಿಲೋ ಏಳುನೂರು.
ಸಂತ್ಯಾಗ ಉಳ್ಳಾಗಡ್ಡಿ ತಗೊಂಡ್ರೂ
ಇದಕ್ಕಿಂತ ಭಾರ ಚೀಲ ಹಿಡಕೊಂಡು ಬರ್ತೀವಿ.

ಅತ್ತಿ ಮಾಬೂಬಿ ಒಲಿಮ್ಯಾಲೆ ನೀರಿಟ್ಟಾಳ.
'ಎಣ್ಣಿ ಹಚ್ಚಿ, ಬಿಸಿನೀರು ಎರದು, ಲೋಬಾನದ ಹೊಗಿ ಹಿಡದ್ರ
ಕೂಸು ಗಟ್ಟಿ ಆಕ್ಕೈತಿ' ಅಂತಾಳ.
ಆಕಿ ಸುಳ್ಳಾಡಾಕಿ ಅಲ್ಲ. ಐದು ಹಡದಾಳ, ಮೂರು ಉಳಿಸ್ಯಾಳ.
ಉಳಿದೆರಡರ ಲೆಕ್ಕ ಕೇಳಿದ್ರ
ಒಲಿ ಊದತಾಳ.

ಆಕಿ ಜೋಡಿ ನನ್ನ ಜಗಳ ಹೊಸದೇನಲ್ಲ.
ಹಡೆದ ರಾತ್ರಿ, ಮೊದಲ ಹಾಲು ಹಿಂಡಿ ಚೆಲ್ಲು ಅಂದಿದ್ಲು,
ಹಳದಿ ಹಾಲು, ಹೊಲಸು, ಕೂಸಿಗೆ ಕರಗೂದಿಲ್ಲ.
ತರಬೇತ್ಯಾಗ ಬರಕೊಂಡಿದ್ದೆಲ್ಲಾ ಮರತು ಕೇಳಿದ್ದೆ:
'ಮಾಬೂಬಿ, ನಿಮ್ಮ ಎಮ್ಮಿ ಈದಾಗ ಗಿಣ್ಣ ಚೆಲ್ಲಿದ್ರೇನು?
ಬೆಲ್ಲ ಯಾಲಕ್ಕಿ ಹಾಕಿ ಓಣಿಗೆಲ್ಲಾ ಹಂಚಿದ್ರಿ,
ನಾ ಬಟ್ಟಲಾ ನೆಕ್ಕಿದ್ದು ನೆನಪೈತಿಲ್ಲ?
ಸೊಸಿ ಗಿಣ್ಣ ಯಾಕ ಮೋರಿಗೆ?'
ಮುದುಕಿ ನನ್ನ ಮಾರಿ ನೋಡಿದ್ಲು.
ನಗಲಿಲ್ಲ. ಚಮಚಾ ತಂದ್ಲು.

ಇವತ್ತ ಬಿಸಿನೀರಿನ ಪಾಳಿ.
'ಎರಿಯೂದು ಬ್ಯಾಡ. ಬೆಚ್ಚಗಿರಬೇಕು ಖರೆ,
ಒಲಿಯ ಬಿಸಿ ಅಲ್ಲ, ಮೈಯ ಬಿಸಿ.
ಕಾಂಗರೂ ಹಂಗ ಎದಿಗೆ ಕಟ್ಟಿಕೋಬೇಕು.'
'ಕಾಂಗರೂ ಅಂದ್ರ?'
ಚಿತ್ರ ಇದ್ದ ಹಾಳಿ ತಗದು ತೋರಿಸಿದೆ.
'ದೊಡ್ಡ ಇಲಿ ಇದ್ದಂಗೈತಿ.'
ಆಗಲಿ. ಇಲೀನ ಅನ್ರಿ.

ಬೀಬಿಜಾನಳಿಗೆ ರಕ್ತ ಕಡಿಮಿ, ಕುಂತಲ್ಲೇ ತೂಕಡಿಸ್ತಾಳ.
ಹಂಗಾದ್ರ ಯಾರು?
ಬಾಗಲದಾಗ ನಿಂತಾನ ರಾಜೇಸಾಬ,
ಎಪಿಎಂಸ್ಯಾಗ ಹಮಾಲಿ, ದಿನಾ
ಲಾರಿಗೆ ನೂರು ಶೇಂಗಾ ಚೀಲ ಏರಸಾವ.
'ನನ್ನ ಕೈ ನಡಗತಾವ ಅಕ್ಕಾರ.'
'ಅಂಗಿ ಕಳೀರಿ' ಅಂದೆ.
ಕಳದ. ಹೆಗಲಮ್ಯಾಲೆ ಚೀಲದ ಗೀರು, ಹಳೇವು, ಹೊಸವು.
ಕೂಸಿಗೆ ಟೊಪ್ಪಿಗಿ ಹಾಕಿ, ಬರಿಮೈಲೆ
ಅವನ ಎದಿಮ್ಯಾಲೆ ಕಪ್ಪಿ ಹಂಗ ಒರಗಿಸಿ
ಬೀಬಿಜಾನಳ ದುಪಟ್ಟಾಲೆ ಸುತ್ತಿ ಗಂಟು ಹಾಕಿದೆ.
ಉಸುರಾಡೂದು ಮರತವರಂಗ ಕುಂತ.
'ಉಸುರಾಡ್ರಿ,
ನಿಮ್ಮ ಉಸುರು ಕೇಳಿ ಅದು ಉಸುರಾಡತೈತಿ.'

ಮಾಬೂಬಿ ಒಲಿಯಾಗಿನ ಕಟಿಗಿ ಹೊರಗೆಳದ್ಲು.
ಹಂಡೇದಾಗಿನ ನೀರು ಆರಲಿಕ್ಕೆ ಬಾಳ ಹೊತ್ತು ಹಿಡೀತು.

ಮನಿಗೆ ಬಂದು ರಜಿಸ್ಟರ ತುಂಬತೇನಿ.
ಮೂರು ತಿಂಗಳ ಗೌರವಧನ ಬರೂದೈತಿ, ಅದು ಬ್ಯಾರೆ ಮಾತು.
ಈ ಪುಸ್ತಕ ನನ್ನ ಕೈಗೆ ಬರೂಕಿಂತ ಒಂಬತ್ತು ವರ್ಷ ಮೊದಲ
ಫಕ್ಕೀರವ್ವನ ಕೂಸು ಅಂತ ಒಂದಿತ್ತು.
ಅದಕ್ಕ ಯಾರೂ ತಕ್ಕಡಿ ಕಟ್ಟಲಿಲ್ಲ.
ಎಷ್ಟಿತ್ತು ಅನ್ನೂದು ನನ್ನ ಮೊಣಕೈಗೆ ಗೊತ್ತು,
ಉಳ್ಳಾಗಡ್ಡಿ ಚೀಲ ಹಿಡದಾಗೆಲ್ಲಾ ಹೇಳತೈತಿ.

ನಲವತ್ತೆರಡನೇ ದಿನ.
ಅದ ತೊಲಿ, ಅದ ಹಗ್ಗ.
ಈ ಸಲ ಮುಳ್ಳು ನಿಲ್ಲವಲ್ದು.
ಎರಡೂವರಿ ಅಂತೈತಿ, ಎರಡೂ ಮುನ್ನೂರಕ್ಕ ಇಳಿತೈತಿ,
ಮತ್ತ ಮ್ಯಾಲ ಜಿಗಿತೈತಿ,
ಜೋಳಿಗ್ಯಾಗ ಒದಿಯಾಕ ಹತ್ಯಾಳ ಜೈಬುನ್ನಿಸಾ.
ಹೆಸರು ಬಂದೈತಿ, ಹಳೇದು ಹೊಡದು ಬರಕೊಂಡೇನಿ.
'ಎಷ್ಟಾತು?' ಅಂತಾಳ ಮಾಬೂಬಿ.
'ಎಷ್ಟಾತ್ರಿ?' ಅಂತಾನ ಅವ.
ಪೆನ್ನು ಹಿಡಕೊಂಡು ನಿಂತೇನಿ.
ತಡೀರಿ,
ಅಲ್ಲಾಡಲಿ ಇನ್ನೊಂದೀಟು.